ಮೊದಲು ಸೂಟು, ಆಮೇಲೆ ಸೀಸ, ಕೊನೆಗೆ ವಿಂಗು: ಡ್ರೈಸೂಟ್ ಡೈವಿಂಗಿಗೆ ತೇಲುವ ಸಾಮಾನು ಆರಿಸುವ ಬಗೆ

ಕಳೆದ ತಿಂಗಳು ರಜೆಗೆ ಚಿಂತಾಮಣಿಗೆ ಬಂದಿದ್ದೆ. ಅಕ್ಕನ ಮಗ ಮನು ಓದಲು ಇಂಗ್ಲೆಂಡಿನ ಲೆಸ್ಟರ್‌ಗೆ ಹೊರಟಿದ್ದಾನೆ. ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಡೈವಿಂಗ್ ಕಲಿತು ಬಂದವನು. ಅಲ್ಲಿ ಹೋದ ಮೇಲೂ ಬಿಡಬಾರದು ಅಂತ ಅವನ ಆಸೆ. ಮುದ್ದೆ ಊಟ ಮುಗಿಯುವ ಮೊದಲೇ ಫೋನು ನನ್ನ ಮುಂದೆ ಹಿಡಿದ.

"ಮಾವ, ಈ ಬಿಸಿಡಿ ನೋಡು. 27 ಕಿಲೋ ಎತ್ತುತ್ತಂತೆ. ಡ್ರೈಸೂಟಿಗೆ ಇದೇ ತಗೊಳ್ಳಲಾ?"

"ಸೂಟು ಯಾವುದು?" ಅಂದೆ.

"ಅದಿನ್ನೂ ನೋಡಿಲ್ಲ."

ಇದು ಅವನೊಬ್ಬನ ತಪ್ಪಲ್ಲ. ನಾನೂ ಹಾಗೇ ಮಾಡಿದ್ದೆ. ಬಿಸಿಡಿ ಅಂದರೆ ಡೈವರ್ ಮೈಮೇಲೆ ಹಾಕಿಕೊಳ್ಳುವ, ಗಾಳಿ ತುಂಬಿ ತೇಲಿಸುವ ಚೀಲ. ಅದು ಕಣ್ಣಿಗೆ ಕಾಣುವ ಸಾಮಾನು. ಬಣ್ಣ ಇರುತ್ತೆ, ಜೇಬು ಇರುತ್ತೆ, ಮೇಲೆ ದೊಡ್ಡ ಅಕ್ಷರದಲ್ಲಿ ಕಿಲೋ ಬರೆದಿರುತ್ತೆ. ಆಸೆ ಅಲ್ಲಿಗೇ ಹೋಗುತ್ತೆ. ಆದರೆ ಡ್ರೈಸೂಟಿನ ಲೆಕ್ಕ ಆ ಕಡೆಯಿಂದ ಶುರುವಾಗುವುದಿಲ್ಲ. ಅವತ್ತು ಮಧ್ಯಾಹ್ನ ಹಿತ್ತಿಲಲ್ಲಿ ಕೂತು ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆದಿದ್ದೇನೆ. ತಣ್ಣೀರಿನ ದೇಶಕ್ಕೆ ಹೋಗುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಉಪಯೋಗ ಆಗಬಹುದು.

ಮೊದಲೇ ಒಂದು ಮಾತು. ಡ್ರೈಸೂಟ್ ಕೋರ್ಸ್ ಮಾಡದೆ ಡ್ರೈಸೂಟಿನಲ್ಲಿ ಇಳಿಯಬೇಡಿ. ನಮ್ಮೂರಿನ ಕಲ್ಲು ಕ್ವಾರಿಗಳಲ್ಲಿ, ಕೃಷಿ ಹೊಂಡಗಳಲ್ಲಿ ಅಭ್ಯಾಸ ಮಾಡುವ ಯೋಚನೆಯಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಇಳಿದವರಿಗೆ ಹತ್ತಲು ಹಿಡಿತವೇ ಸಿಗುವುದಿಲ್ಲ. ಈಜು ಬರುವವರನ್ನೂ ಅದು ಬಿಟ್ಟಿಲ್ಲ.

ಸೋರೆಬುರುಡೆಯ ಪಾಠ

ನಾನು ಈಜು ಕಲಿತದ್ದು ತಾತನ ತೋಟದ ಬಾವಿಯಲ್ಲಿ. ಈಗ ಅದರಲ್ಲಿ ನೀರಿಲ್ಲ, ಬೇಲಿಗಿಡ ಬೆಳೆದಿದೆ. ಆಗ ತಾತ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಇಳಿಸುತ್ತಿದ್ದರು. ನನಗೆ ಎರಡು ಬುರುಡೆ. ನನ್ನ ಚಿಕ್ಕಪ್ಪನ ಮಗ ದಪ್ಪಗಿದ್ದ, ಅವನಿಗೆ ಒಂದೇ. ಯಾಕೆ ಅಂತ ಕೇಳಿದರೆ "ಅವನೇ ಒಂದು ಬುರುಡೆ" ಅನ್ನುತ್ತಿದ್ದರು. ತಾತ ಮೊದಲು ಹುಡುಗನನ್ನು ನೋಡುತ್ತಿದ್ದರು, ಆಮೇಲೆ ಅಟ್ಟದ ಮೇಲಿನ ಬುರುಡೆಗೆ ಕೈ ಹಾಕುತ್ತಿದ್ದರು.

ಡ್ರೈಸೂಟ್ ಅಂದರೆ ಮೈಗೆ ಸುತ್ತಿಕೊಂಡ ಬುರುಡೆ. ನೇತ್ರಾಣಿಯಲ್ಲಿ ಹಾಕುವ ವೆಟ್‌ಸೂಟಿನ ಒಳಗೆ ನೀರು ಬರುತ್ತೆ, ಮೈ ಬಿಸಿಗೆ ಬೆಚ್ಚಗಾಗುತ್ತೆ, ಅಷ್ಟೇ. ಡ್ರೈಸೂಟಿನ ಒಳಗೆ ನೀರೇ ಬರಬಾರದು. ಕುತ್ತಿಗೆಗೆ, ಮಣಿಕಟ್ಟಿಗೆ ಬಿಗಿ ಪಟ್ಟಿ. ಒಳಗೆ ದಪ್ಪ ಒಳಸೂಟು, ಅದರ ನಾರಿನ ಸಂದಿಯಲ್ಲೆಲ್ಲ ಗಾಳಿ. ಆ ಗಾಳಿಯೇ ಬೆಚ್ಚಗಿಡುವುದು. ಕೆಳಗೆ ಹೋದಂತೆ ಒತ್ತಡಕ್ಕೆ ಗಾಳಿ ಕುಗ್ಗುತ್ತೆ. 10 ಮೀಟರ್ ಆಳದಲ್ಲಿ ಅದು ಅರ್ಧ, 20 ಮೀಟರಿನಲ್ಲಿ ಮೂರರಲ್ಲಿ ಒಂದು ಪಾಲು. ಆಗ ಸೂಟು ಒದ್ದೆ ಬಟ್ಟೆ ಹಿಂಡಿದ ಹಾಗೆ ಮೈಯನ್ನು ಹಿಂಡುತ್ತೆ. ಅದಕ್ಕೇ ಎದೆಯ ಮೇಲೆ ಗಾಳಿ ತುಂಬುವ ವಾಲ್ವು, ಎಡ ತೋಳಿನ ಮೇಲೆ ಗಾಳಿ ಬಿಡುವ ವಾಲ್ವು ಇರುವುದು.

ಅಂದರೆ ಡ್ರೈಸೂಟ್ ಹಾಕಿದವನ ಹತ್ತಿರ ಗಾಳಿಚೀಲ ಎರಡು. ಒಂದು ಬೆನ್ನಿನ ಮೇಲೆ, ಇನ್ನೊಂದರ ಒಳಗೆ ಅವನೇ ತೂರಿಕೊಂಡಿದ್ದಾನೆ. ಎರಡನೆಯದು ಎಷ್ಟು ದೊಡ್ಡದು ಅಂತ ಗೊತ್ತಿಲ್ಲದೆ ಮೊದಲನೆಯದನ್ನು ಆರಿಸುವುದು ಹೇಗೆ?

ಹೆಜ್ಜೆ 1: ಸೂಟು ಮತ್ತು ಒಳಸೂಟು ಗೊತ್ತು ಮಾಡಿಕೊಳ್ಳಿ

ಎಲ್ಲಿ ಇಳಿಯುತ್ತೀರಿ ಅನ್ನುವುದನ್ನು ಮೊದಲು ನೋಡಿ. ಲೆಸ್ಟರ್ ಹತ್ತಿರ ಸ್ಟೋನಿ ಕೋವ್ ಅಂತ ಇದೆ. ಹಳೇ ಗ್ರಾನೈಟ್ ಕ್ವಾರಿ, ನೀರು ತುಂಬಿಕೊಂಡಿದೆ, ಸುಮಾರು 35 ಮೀಟರ್ ಆಳ. ನಮ್ಮ ಚಿಕ್ಕಬಳ್ಳಾಪುರದ ಕಡೆಯವರಿಗೆ ಕ್ವಾರಿ ಅಂದರೆ ಜಲ್ಲಿ, ಲಾರಿ, ಧೂಳು. ಅಲ್ಲಿನವರು ದುಡ್ಡು ಕೊಟ್ಟು ಅದರೊಳಗೆ ಇಳಿಯುತ್ತಾರೆ. ಚಳಿಗಾಲದಲ್ಲಿ ಅದರ ನೀರು ಫ್ರಿಜ್ಜಿನ ನೀರಿನಷ್ಟೇ ತಣ್ಣಗೆ. ಐಸ್‌ಲ್ಯಾಂಡಿನ ಸಿಲ್ಫ್ರಾದಲ್ಲಂತೂ ವರ್ಷವಿಡೀ 2ರಿಂದ 4 ಡಿಗ್ರಿ. ಬೇಸಿಗೆಯಲ್ಲಿ ಮಾತ್ರ ಇಳಿಯುವವರಿಗೆ ತೆಳು ಒಳಸೂಟು ಸಾಕು. ಜನವರಿಯಲ್ಲೂ ಇಳಿಯುವವರಿಗೆ ದಪ್ಪದ್ದೇ ಬೇಕು. ಈ ಎರಡರ ಮಧ್ಯೆ, ಮುಳುಗಲು ಕಟ್ಟಿಕೊಳ್ಳುವ ಸೀಸದ ಲೆಕ್ಕ ಮೂರು ನಾಲ್ಕು ಕಿಲೋ ಆಚೀಚೆ ಆಗಬಹುದು.

ಹೊರಸೂಟಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಟ್ರೈಲ್ಯಾಮಿನೇಟ್, ಮೂರು ಪದರದ ತೆಳು ಬಟ್ಟೆ. ಬಟ್ಟೆಗೆ ತನ್ನದೇ ಆದ ತೇಲುವ ಗುಣ ಇಲ್ಲ ಅನ್ನಬಹುದು. ತೇಲುವುದೆಲ್ಲ ಒಳಗಿನ ಗಾಳಿ. ಇನ್ನೊಂದು ನಿಯೋಪ್ರೀನ್, ಅಂದರೆ ಗುಳ್ಳೆ ತುಂಬಿದ ರಬ್ಬರ್. ಬಟ್ಟೆಯೇ ತೇಲುತ್ತೆ, ಬೆಚ್ಚಗೂ ಇಡುತ್ತೆ. ಆದರೆ ಆಳಕ್ಕೆ ಹೋದಾಗ ರಬ್ಬರಿನ ಗುಳ್ಳೆಗಳು ಚಪ್ಪಟೆಯಾಗಿ ತೇಲುವ ಬಲ ಕಳೆದುಹೋಗುತ್ತೆ. ಟ್ರೈಲ್ಯಾಮಿನೇಟಿನಲ್ಲಿ ಕಳೆದ ಗಾಳಿಯನ್ನು ವಾಲ್ವಿನಿಂದ ತುಂಬಿಕೊಂಡರೆ ಮುಗಿಯಿತು. ನಿಯೋಪ್ರೀನಿನಲ್ಲಿ ಕಳೆದದ್ದನ್ನು ಹೆಚ್ಚಾಗಿ ಬೆನ್ನಿನ ಚೀಲವೇ ತುಂಬಿಕೊಡಬೇಕು. ನಾನಾದರೆ ಟ್ರೈಲ್ಯಾಮಿನೇಟ್ ಅನ್ನುತ್ತೇನೆ. ಲೆಕ್ಕ ಸುಲಭ, ಬೇಗ ಒಣಗುತ್ತೆ, ಪೆಟ್ಟಿಗೆಗೆ ಹಗುರ.

ಹೆಜ್ಜೆ 2: ಸೀಸ ಎಷ್ಟು ಬೇಕು ಅಂತ ತಿಳಿಯಿರಿ

ಹಿತ್ತಿಲಿನ ದನಗಳ ತೊಟ್ಟಿಗೆ ನೀರು ಬಿಟ್ಟೆವು. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಮುಚ್ಚಳ ಹಾಕಿ ಮನು ಕೈಗೆ ಕೊಟ್ಟೆ. "ಇದನ್ನು ಪೂರ್ತಿ ಮುಳುಗಿಸು." ಒಂದು ಕೈಯಲ್ಲಿ ಆಗಲಿಲ್ಲ. ಎರಡೂ ಕೈ ಹಾಕಿ ಒತ್ತಿದ. ಕ್ಯಾನು ಜಾರಿ ಮೇಲೆ ಹಾರಿ ಅಕ್ಕನ ಮುಖಕ್ಕೆ ನೀರು ಎರಚಿತು. ಬೈಗುಳ ಇಬ್ಬರಿಗೂ ಸಮನಾಗಿ ಸಿಕ್ಕಿತು.

ಐದು ಲೀಟರ್ ಗಾಳಿ ನೀರೊಳಗೆ ಐದು ಕಿಲೋ ಮೇಲಕ್ಕೆ ಎತ್ತುತ್ತೆ. ಒಂದು ಲೀಟರ್, ಒಂದು ಕಿಲೋ. ಈ ಇಡೀ ವಿಷಯಕ್ಕೆ ಬೇಕಾದ ಗಣಿತ ಇಷ್ಟೇ. ದಪ್ಪ ಒಳಸೂಟಿನಲ್ಲಿ ಹತ್ತು ಲೀಟರ್ ಗಾಳಿ ಕೂತರೆ ನೀವು ಅಂಥ ಎರಡು ಕ್ಯಾನುಗಳನ್ನು ಮೈಗೆ ಕಟ್ಟಿಕೊಂಡು ಮುಳುಗಲು ನೋಡುತ್ತಿದ್ದೀರಿ. ಅದಕ್ಕೇ ಅಷ್ಟೊಂದು ಸೀಸ.

ಎಷ್ಟು ಅನ್ನುವುದನ್ನು ಯಾರ ಬಾಯಿಂದಲೂ ಕೇಳಬೇಡಿ. ಮೈತೂಕದಲ್ಲಿ ಇಷ್ಟು ಪರ್ಸೆಂಟ್ ಅಂತ ಹೇಳುವವರು ಇದ್ದಾರೆ, ಅದು ಅಂದಾಜಿಗೆ ಮಾತ್ರ. ಸರಿಯಾದ ದಾರಿ ಇದು. ಕೋರ್ಸಿನಲ್ಲಿ ಬಾಡಿಗೆ ಸಾಮಾನು ಹಾಕಿಕೊಂಡು, ಆದರೆ ನಿಮ್ಮದೇ ಸೂಟು ಮತ್ತು ಒಳಸೂಟಿನಲ್ಲಿ ಇಳಿಯಿರಿ. ಡೈವ್ ಮುಗಿಯುವ ಹೊತ್ತಿಗೆ ಸಿಲಿಂಡರಿನಲ್ಲಿ 50 ಬಾರ್ (ಗಾಳಿಯ ಒತ್ತಡದ ಅಳತೆ) ಉಳಿದಿರಲಿ. 4–5 ಮೀಟರ್ ಆಳದಲ್ಲಿ ನಿಂತು ಬೆನ್ನಿನ ಚೀಲದ ಗಾಳಿ ಪೂರ್ತಿ ಬಿಡಿ. ಸೂಟಿನಲ್ಲಿ ಮೈ ಹಿಂಡದಷ್ಟು, ಚಳಿಯಾಗದಷ್ಟು ಗಾಳಿ ಮಾತ್ರ ಇರಲಿ. ಈಗ ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನಿಂತರೆ ಸೀಸ ಸರಿ. ಮುಳುಗಿದರೆ ಒಂದೊಂದೇ ಕಿಲೋ ತೆಗೆದು ಜೊತೆಯವರ ಕೈಗೆ ಕೊಡಿ. ಹೊರಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಯಾವ ಒಳಸೂಟು, ಯಾವ ಸಿಲಿಂಡರ್, ಸಿಹಿನೀರೋ ಉಪ್ಪುನೀರೋ, ಎಷ್ಟು ಕಿಲೋ.

50 ಬಾರ್ ಯಾಕೆ ಅಂತ ಮನು ಕೇಳಿದ. ಗಾಳಿಗೂ ತೂಕ ಇದೆ. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಅಂದರೆ 2400 ಲೀಟರ್ ಗಾಳಿ. ಲೀಟರಿಗೆ ಸುಮಾರು 1.2 ಗ್ರಾಂ. ಹತ್ತಿರ ಹತ್ತಿರ 3 ಕಿಲೋ ಆಯಿತು. ಉಸಿರಾಡಿದಂತೆ ಅಷ್ಟು ಹಗುರಾಗುತ್ತೀರಿ. ತುಂಬಿದ ಸಿಲಿಂಡರಿನಲ್ಲಿ ಸೀಸ ಸರಿ ಮಾಡಿಕೊಂಡರೆ ಕೊನೆಯಲ್ಲಿ, ಮೇಲೆ ಬರುವ ಮೊದಲು ನಿಲ್ಲಲೇಬೇಕಾದ 4–5 ಮೀಟರಿನ ಜಾಗದಲ್ಲಿ, ಮೇಲಕ್ಕೆ ತೇಲಿಹೋಗುತ್ತೀರಿ.

ಕ್ವಾರಿಯಿಂದ ಸಮುದ್ರಕ್ಕೆ ಹೋದಾಗ ಸೀಸ ಮತ್ತೆ ಹೆಚ್ಚಬೇಕು. ಉಪ್ಪುನೀರು ನೂರಕ್ಕೆ ಎರಡೂವರೆಯಷ್ಟು ಭಾರ. ನೀವು, ಸಾಮಾನು ಎಲ್ಲ ಸೇರಿ 100 ಕಿಲೋ ಇದ್ದರೆ ಎರಡೂವರೆ ಕಿಲೋ ಜಾಸ್ತಿ. ಅಲ್ಯೂಮಿನಿಯಂ ಸಿಲಿಂಡರ್ ಕೊಟ್ಟರೂ ಅಷ್ಟೇ ಎಚ್ಚರ ಬೇಕು. 11 ಲೀಟರಿನ ಮಾಮೂಲಿ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾದಾಗ ತಾನೇ ಸುಮಾರು 2 ಕಿಲೋ ಮೇಲಕ್ಕೆ ಎಳೆಯುತ್ತೆ. ಸ್ಟೀಲಿನದ್ದಕ್ಕೆ ಆ ಗೊಡವೆ ಇಲ್ಲ. ತಣ್ಣೀರಿನವರು ಸ್ಟೀಲೇ ಮೆಚ್ಚುವುದು ಅದಕ್ಕೇ.

ಹೆಜ್ಜೆ 3: ಚೀಲ ಎಷ್ಟು ಎತ್ತಬೇಕು?

ಈಗ ಮನು ಕೇಳಿದ ಪ್ರಶ್ನೆಗೆ ಬರೋಣ. ಚೀಲದ ಮೇಲಿನ ಕಿಲೋ ಯಾವುದಕ್ಕೆ? ಎಲ್ಲವೂ ಸರಿ ಇರುವ ದಿನ ಡ್ರೈಸೂಟಿನವನಿಗೆ ಬೆನ್ನಿನ ಚೀಲದಲ್ಲಿ ಮೂರು ನಾಲ್ಕು ಲೀಟರಿಗಿಂತ ಜಾಸ್ತಿ ಗಾಳಿ ಬೇಡ. ಚೀಲ ಕೊಳ್ಳುವುದು ಕೆಟ್ಟ ದಿನಕ್ಕೆ.

ಕೆಟ್ಟ ದಿನ ಅಂದರೆ ಡೈವ್ ಶುರುವಿನಲ್ಲೇ, ಸಿಲಿಂಡರ್ ತುಂಬಿರುವಾಗಲೇ, ಸೂಟು ಹರಿದು ನೀರು ನುಗ್ಗುವುದು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಸೂಟಿನೊಳಗೆ ನೀರು ತುಂಬಿದರೆ ಕಲ್ಲಿನ ಹಾಗೆ ಮುಳುಗುತ್ತೀವಿ ಅಂತ. ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತಿರಬೇಕು. ತುಂಬಿದ ಕೊಡ ನೀರೊಳಗೆ ಇರುವಾಗ ಹಗ್ಗಕ್ಕೆ ಭಾರವೇ ತಿಳಿಯುವುದಿಲ್ಲ. ನೀರು ಬಿಟ್ಟು ಮೇಲೆ ಬಂದಾಗ ಕೈ ಎಳೆಯುತ್ತೆ. ಸೂಟಿಗೆ ನುಗ್ಗಿದ ನೀರಿಗೂ ನೀರೊಳಗೆ ಭಾರವಿಲ್ಲ. ದಡ ಹತ್ತುವಾಗ, ಬೋಟಿನ ಏಣಿ ಹತ್ತುವಾಗ ಭಾರ. ನೀರೊಳಗೆ ಆಗುವ ನಷ್ಟ ಬೇರೆ: ಒಳಸೂಟಿನಲ್ಲಿ ಇದ್ದ ಗಾಳಿ ಹೋಯಿತು. ಅದನ್ನು ಮುಳುಗಿಸಲು ಕಟ್ಟಿಕೊಂಡ ಸೀಸ ಮಾತ್ರ ಸೊಂಟದಲ್ಲೇ ಉಳಿಯಿತು.

ಹಾಗಾಗಿ ಹೆಜ್ಜೆ 2ರಲ್ಲಿ ಬರೆದುಕೊಂಡ ಅಂಕಿಯೇ ಇಲ್ಲಿ ಬೇಕಾಗುವುದು. ನನ್ನದೇ ಲೆಕ್ಕ ಕೊಡುತ್ತೇನೆ. ದಪ್ಪ ಒಳಸೂಟಿಗೆ ನಾನು ಹೊರುವುದು, ಚೀಲ ಕಟ್ಟುವ ಬೆನ್ನಿನ ಸ್ಟೀಲ್ ಹಲಗೆಯೂ (ಪ್ಲೇಟು) ಸೇರಿ, 11 ಕಿಲೋ. ಈಜುಚಡ್ಡಿಯಲ್ಲಿ ನನಗೆ ಸೀಸವೇ ಬೇಡ. ಅಂದರೆ ಸೂಟಿನ ಗಾಳಿ ಎತ್ತುತ್ತಿರುವುದು ಸುಮಾರು 11 ಕಿಲೋ. ಸೂಟು ಪೂರ್ತಿ ಕೈಕೊಟ್ಟರೆ ಆ 11 ಹೋಯಿತು. ತುಂಬಿದ ಸಿಲಿಂಡರಿನ ಗಾಳಿಯ ತೂಕ 3. ಒಟ್ಟು 14. ನಿಜವಾಗಿ ಅಷ್ಟೂ ಹೋಗುವುದು ಅಪರೂಪ, ಹೆಗಲಿನ ಹತ್ತಿರ ಸ್ವಲ್ಪ ಗಾಳಿ ಉಳಿದಿರುತ್ತೆ. ಇರಲಿ, ಕೆಟ್ಟದ್ದನ್ನೇ ಎಣಿಸೋಣ. ಮೇಲೆ ಬಂದ ಮೇಲೆ ತಲೆ ನೀರಿನಿಂದ ಹೊರಗಿರಬೇಕು, ತಲೆಯ ತೂಕ 4–5 ಕಿಲೋ. ಒಟ್ಟು 18ರ ಆಸುಪಾಸು. ನನ್ನ ವಿಂಗು, ಅಂದರೆ ಬೆನ್ನಿನ ಚೀಲ, 18 ಕಿಲೋದ್ದು.

ಇನ್ನೊಂದು ಪರೀಕ್ಷೆಯೂ ಇದೆ. ಸಾಮಾನು ಬಿಚ್ಚಿ ನೀರಿನ ಮೇಲೆ ಬಿಟ್ಟರೆ, ನೀವಿಲ್ಲದೆ, ಅದು ತಾನೇ ತೇಲಬೇಕು. ಬೋಟಿಗೆ ಹತ್ತುವಾಗ ಹಾಗೆ ಬಿಡಬೇಕಾಗುತ್ತೆ. ಇದಕ್ಕೆ ಪೆಟ್ಟಿಗೆ ತೂಗುವ ಕೊಕ್ಕೆಯ ತಕ್ಕಡಿ ಸಾಕು. ಜೋಡಿಸಿದ ಸಾಮಾನಿಗೆ ಹಗ್ಗ ಕಟ್ಟಿ, ಚೀಲದ ಗಾಳಿ ಬಿಟ್ಟು, ನೀರೊಳಗೆ ಪೂರ್ತಿ ಇಳಿಬಿಟ್ಟು ತೂಗಿ. ನನ್ನದು ಪ್ಲೇಟು, ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಉಸಿರಾಟಕ್ಕೆ ಕೊಡುವ ಸಾಧನ), ತುಂಬಿದ ಸ್ಟೀಲ್ ಸಿಲಿಂಡರ್, ಪ್ಲೇಟಿಗೆ ಕಟ್ಟಿದ 4 ಕಿಲೋ ಸೀಸ ಸೇರಿ ನೀರೊಳಗೆ ಹನ್ನೊಂದೂವರೆ ತೋರಿಸಿತು. ಹದಿನೆಂಟರೊಳಗೆ ಆರಾಮ.

"ಹಾಗಾದರೆ 27 ಇದ್ದರೆ ಇನ್ನೂ ಒಳ್ಳೇದಲ್ವಾ?" ಅಂದ ಮನು. ಅಲ್ಲ. ಅದು ಬೆನ್ನಿಗೆ ಎರಡು ಸಿಲಿಂಡರ್ ಹೊರುವವರ ಚೀಲ. ಒಂದೇ ಸಿಲಿಂಡರಿಗೆ ಕಟ್ಟಿದರೆ ಎರಡೂ ಅಂಚು ಮೇಲೆದ್ದು ಮಡಚಿಕೊಂಡು ಸಿಲಿಂಡರನ್ನು ಅಪ್ಪಿಕೊಳ್ಳುತ್ತೆ, ದೋಸೆ ಮಡಚಿದ ಹಾಗೆ. ಮಡಿಕೆಯಲ್ಲಿ ಗಾಳಿ ಸಿಕ್ಕಿಕೊಂಡು ಬೇಕಾದಾಗ ಹೊರಗೆ ಹೋಗುವುದಿಲ್ಲ. ಈಜುವಾಗ ನೀರನ್ನೂ ತಡೆಯುತ್ತೆ. ಎಲ್ಲಕ್ಕಿಂತ ಮುಖ್ಯ, ಗಾಳಿ ತುಂಬುವ ಗುಂಡಿ ಚಳಿಗೆ ಸಿಕ್ಕಿಹಾಕಿಕೊಂಡರೆ 27 ಕಿಲೋ ಬಲ ನಿಮ್ಮನ್ನು ಮೇಲಕ್ಕೆ ಎಸೆಯುತ್ತೆ. ಒಂಟಿ ಸಿಲಿಂಡರಿಗೆ 13ರಿಂದ 18 ಕಿಲೋ ಒಳಗೆ ಹೆಚ್ಚಿನವರ ಲೆಕ್ಕ ಮುಗಿಯುತ್ತೆ. ನಿಮ್ಮ ಲೆಕ್ಕ 18 ದಾಟಿತು ಅಂದರೆ ದೊಡ್ಡ ಚೀಲ ಹುಡುಕುವ ಮೊದಲು ಅಷ್ಟೊಂದು ಸೀಸ ಯಾಕೆ ಬೇಕಾಯಿತು ಅಂತ ನೋಡಿ. ಬಹಳ ಸಲ ಸೂಟು ಒಂದು ಅಳತೆ ದೊಡ್ಡದಿರುತ್ತೆ, ಒಳಗೆ ಸುಮ್ನೆ ಗಾಳಿ ತುಂಬಿಕೊಂಡಿರುತ್ತೆ.

ವಿಂಗು ತೂತಾದರೆ? ಆಗ ಸೂಟು ಎತ್ತುತ್ತೆ. ಇದು ಡ್ರೈಸೂಟಿನವರಿಗೆ ಇರುವ ದೊಡ್ಡ ಅನುಕೂಲ. ಒಂದು ಕೈಕೊಟ್ಟರೆ ಇನ್ನೊಂದು ಇದೆ.

ಹೆಜ್ಜೆ 4: ಜಾಕೆಟ್ಟೋ, ವಿಂಗೋ?

ಜಾಕೆಟ್ ಬಿಸಿಡಿ ಅಂದರೆ ನೇತ್ರಾಣಿಯಲ್ಲಿ ಕೊಡುವಂಥದ್ದು. ಗಾಳಿ ಪಕ್ಕೆಗಳ ಸುತ್ತಲೂ ತುಂಬುತ್ತೆ. ಬೆಚ್ಚನೆ ನೀರಿನಲ್ಲಿ, ತೆಳು ಸೂಟಿನಲ್ಲಿ ಏನೂ ತೊಂದರೆ ಇಲ್ಲ. ಡ್ರೈಸೂಟಿನ ಮೇಲೆ ಹಾಕಿದರೆ ಎದೆಯ ಮೇಲೆ ಜನಜಂಗುಳಿ. ಸೂಟಿನ ವಾಲ್ವು, ಅದರ ಹೋಸು, ಜಾಕೆಟ್ಟಿನ ಅಗಲ ಹೊಟ್ಟೆಪಟ್ಟಿ, ಎದೆಪಟ್ಟಿ, ಅದರ ಬಕಲ್ಲು, ಎಲ್ಲಕ್ಕೂ ಅದೇ ಒಂದು ಗೇಣು ಜಾಗ ಬೇಕು. ಅಳತೆಯ ತಲೆನೋವೂ ಇದೆ. ದಪ್ಪ ಒಳಸೂಟಿಗೆ ಹೊಂದುವ ಜಾಕೆಟ್ಟು ಊರಿಗೆ ಬಂದು ನೇತ್ರಾಣಿಗೆ ಹೋದಾಗ ಗೋಣಿಚೀಲ.

ಬೆನ್ನಿನ ಕಡೆ ಮಾತ್ರ ಚೀಲ ಇರುವ ಬಿಸಿಡಿಗಳೂ ಇವೆ. ಎದೆ ಖಾಲಿ ಉಳಿಯುತ್ತೆ, ಸೀಸದ ಜೇಬು ಸಿಗುತ್ತೆ. ಬಾಡಿಗೆಗೆ ಇದು ಸಿಕ್ಕರೆ ಜಾಕೆಟ್ಟಿಗಿಂತ ವಾಸಿ.

ನಾನು ಹೇಳುವುದು ಬ್ಯಾಕ್‌ಪ್ಲೇಟ್ ಮತ್ತು ವಿಂಗು. ಒಂದು ಲೋಹದ ಹಲಗೆ, ಅದಕ್ಕೆ ಪೋಣಿಸಿದ ಒಂದೇ ಉದ್ದದ ಪಟ್ಟಿ, ಹಲಗೆ ಮತ್ತು ಸಿಲಿಂಡರಿನ ನಡುವೆ ಚೀಲ. ಮೂರೂ ಬೇರೆ ಬೇರೆ, ಒಂದು ಹಾಳಾದರೆ ಅದನ್ನಷ್ಟೇ ಬದಲಿಸಬಹುದು. ಚಳಿಗಾಲಕ್ಕೆ ಪಟ್ಟಿ ಸ್ವಲ್ಪ ಸಡಿಲ, ಬೇಸಿಗೆಗೆ ಬಿಗಿ. ಸ್ಟೀಲ್ ಪ್ಲೇಟು ಸುಮಾರು 2.7 ಕಿಲೋ, ಅಷ್ಟು ಸೀಸ ಸೊಂಟದಿಂದ ಇಳಿಯಿತು. ಅದೂ ಬೆನ್ನಿನ ಮೇಲೆ, ಶ್ವಾಸಕೋಶದ ಹಿಂದೆಯೇ ಕೂರುತ್ತೆ. ಮೈ ಅಡ್ಡಡ್ಡಲಾಗಿ ನಿಲ್ಲಲು ಸಹಾಯ. ಅಲ್ಯೂಮಿನಿಯಂ ಪ್ಲೇಟು ಒಂದು ಕಿಲೋದ ಸುತ್ತಮುತ್ತ, ವಿಮಾನ ಹತ್ತಿ ಬೆಚ್ಚನೆ ನೀರಿಗೆ ಹೋಗುವವರಿಗೆ ಅದು ಸರಿ. ಚೀಲ ಸುತ್ತಲೂ ಕೂಡಿಕೊಂಡ ಉಂಗುರದಂಥದ್ದಿರಲಿ. ಕುದುರೆಲಾಳದ ಆಕಾರದ್ದೂ ಕೆಲಸ ಮಾಡುತ್ತೆ. ಆದರೆ ಒಂದು ಬದಿಯ ಗಾಳಿ ಇನ್ನೊಂದು ಬದಿಗೆ ಬರಲು ಮೈ ಹೊರಳಿಸಬೇಕು.

ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ದಪ್ಪ ಕೈಗವಸು ಹಾಕಿಕೊಂಡು ಒಂದೇ ಪಟ್ಟಿಯ ಹಾರ್ನೆಸ್ಸಿನಿಂದ ತೋಳು ಹೊರತೆಗೆಯುವುದು ಮೊದಮೊದಲು ಯಮಯಾತನೆ. ಪಟ್ಟಿಯನ್ನು ಸೂಟು ಹಾಕಿಕೊಂಡೇ ಅಳೆದು, ಹೆಗಲ ಮೇಲೆ ಎರಡು ಮೂರು ಬೆರಳು ತೂರುವಷ್ಟು ಸಡಿಲ ಬಿಟ್ಟರೆ ಅರ್ಧ ಕಷ್ಟ ಕಳೆಯುತ್ತೆ. ಆದರೂ ಆಗದಿದ್ದರೆ ಒಂದು ಹೆಗಲಿಗೆ ಬಿಚ್ಚುವ ಬಕಲ್ಲು ಹಾಕಿಸಿಕೊಳ್ಳಿ. ಅದನ್ನು ನೋಡಿ ಮೂಗು ಮುರಿಯುವವರು ಇರುತ್ತಾರೆ, ಬಿಡಿ.

ಪಕ್ಕೆಗೆ ಸಿಲಿಂಡರ್ ಕಟ್ಟುವ ಸೈಡ್‌ಮೌಂಟ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಹೆಜ್ಜೆ 5: ವಾಲ್ವುಗಳ ಜಗಳ ಬಿಡಿಸಿ

ನನಗೆ ಪೆಟ್ಟು ಬಿದ್ದದ್ದು ಇಲ್ಲಿ. ಮೊದಲ ವರ್ಷ ಅಗ್ಗಕ್ಕೆ ಸಿಕ್ಕ ಹಳೇ ಜಾಕೆಟ್ ಕೊಂಡಿದ್ದೆ. ಅಂಗಡಿಯಲ್ಲಿ ಟೀಶರ್ಟಿನ ಮೇಲೆ ಹಾಕಿ ನೋಡಿ ಚೆನ್ನಾಗಿದೆ ಅಂದುಕೊಂಡೆ. ಡ್ರೈಸೂಟಿನ ಮೇಲೆ ಹಾಕಿದಾಗ ಅದರ ಎಡ ಹೆಗಲಪಟ್ಟಿ ಜಾರಿ ಸರಿಯಾಗಿ ಸೂಟಿನ ಗಾಳಿ ಬಿಡುವ ವಾಲ್ವಿನ ಮೇಲೆ ಕೂತಿತ್ತು. ನೋಡಲೇ ಇಲ್ಲ. ಕ್ವಾರಿಯಲ್ಲಿ 12 ಮೀಟರಿನಿಂದ ಮೇಲೆ ಬರುವಾಗ ಸೂಟಿನ ಗಾಳಿ ಹಿಗ್ಗುತ್ತಾ ಬಂತು. ಎಡಗೈ ಎತ್ತಿದೆ, ಗುಳ್ಳೆಯೇ ಬರಲಿಲ್ಲ. ಗಾಬರಿಗೆ ತಲೆ ಕೆಳಗಾದೆ. ಗಾಳಿಯೆಲ್ಲ ಕಾಲಿಗೆ ಓಡಿತು, ಸಂತೆಗೆ ಒಯ್ಯುವ ಕೋಳಿಯ ಹಾಗೆ ಕಾಲು ಮೇಲಾಗಿ ನೀರಿನ ಮೇಲೆ ಬಂದುಬಿದ್ದೆ. ಆಳ ಕಡಿಮೆ ಇತ್ತು, ಉಸಿರು ಬಿಡುತ್ತಲೇ ಇದ್ದೆ, ಏನೂ ಆಗಲಿಲ್ಲ. ಆಗಬಹುದಿತ್ತು. ಮೇಲೆ ಬರುವ ವೇಗ ನಿಮಿಷಕ್ಕೆ 9 ಮೀಟರ್ ದಾಟಬಾರದು ಅಂತ ಕಲಿಸಿರುತ್ತಾರೆ. ನಾನು ಬಂದದ್ದು ಲಿಫ್ಟಿನ ಹಾಗೆ.

ಆದ್ದರಿಂದ ಯಾವ ಬಿಸಿಡಿಯನ್ನೂ ಸೂಟು, ಒಳಸೂಟು, ಕೈಗವಸು ಎಲ್ಲ ಹಾಕಿಕೊಂಡೇ ನೋಡಿ. ಅಂಗಡಿಯವರು ಬೇಸರ ಮಾಡಿಕೊಂಡರೆ ಬೇರೆ ಅಂಗಡಿ ಇದೆ. ಮೊದಲು ಎಡ ತೋಳಿನ ವಾಲ್ವಿನ ಮೇಲೆ ಪಟ್ಟಿ ಬರುತ್ತಾ ನೋಡಿ, ತೋಳು ಎತ್ತಿಯೂ ನೋಡಿ, ಇಳಿಸಿಯೂ ನೋಡಿ. ಎದೆಯ ವಾಲ್ವನ್ನು ಪಟ್ಟಿಯೋ ಬಕಲ್ಲೋ ಒತ್ತುತ್ತಾ ನೋಡಿ. ಒತ್ತಿದರೆ ನಿಮಗೆ ತಿಳಿಯದಂತೆಯೇ ಗಾಳಿ ತುಂಬುತ್ತಿರುತ್ತೆ. ವಿಂಗಿನ ಇನ್‌ಫ್ಲೇಟರ್ ಗುಂಡಿ ದಪ್ಪ ಕೈಗವಸಿನ ಬೆರಳಿಗೆ ಸಿಗಬೇಕು, ತುಂಬುವುದು ಯಾವುದು ಬಿಡುವುದು ಯಾವುದು ಅಂತ ಮುಟ್ಟಿದರೇ ತಿಳಿಯಬೇಕು. ವಿಂಗಿನ ಎಡ ಕೆಳಗಿನ ವಾಲ್ವಿನ ದಾರ ಎಡಗೈಗೆ ಎಟುಕಬೇಕು.

ಹೋಸಿನ ವಿಚಾರ. ರೆಗ್ಯುಲೇಟರಿನ ಫಸ್ಟ್ ಸ್ಟೇಜಿನಲ್ಲಿ, ಅಂದರೆ ಸಿಲಿಂಡರಿಗೆ ಕೂರುವ ಭಾಗದಲ್ಲಿ, ಕಡಿಮೆ ಒತ್ತಡದ ನಾಲ್ಕು ತೂತು ಬೇಕು: ಉಸಿರಾಟಕ್ಕೆ ಎರಡು, ವಿಂಗಿಗೆ ಒಂದು, ಸೂಟಿಗೆ ಒಂದು. ಸೂಟಿನ ಹೋಸು ತೋಳಿನ ಕೆಳಗೆ ಬಂದು ಎದೆಗೆ ಸೇರಲಿ. ಎಲ್ಲ ಸೂಟಿನ ಕನೆಕ್ಟರೂ ಒಂದೇ ಥರ ಇರುವುದಿಲ್ಲ, ಹೋಸನ್ನು ಸೂಟಿನ ಜೊತೆಗೇ ತೆಗೆದುಕೊಳ್ಳಿ. ರೆಗ್ಯುಲೇಟರ್ ಮೇಲೆ ಇಎನ್ 250 (ಯೂರೋಪಿನ ಮಾನದಂಡ) ಅಂತ ಇದ್ದು ಪಕ್ಕದಲ್ಲಿ 10 ಡಿಗ್ರಿಗಿಂತ ಹೆಚ್ಚು ಅನ್ನುವ ಗುರುತಿದ್ದರೆ ಅದು ತಣ್ಣೀರಿನದ್ದಲ್ಲ. ಗಾಳಿ ತುಂಬುವಾಗಲೂ ಗುಂಡಿ ಒತ್ತಿ ಹಿಡಿಯಬೇಡಿ. ಚಿಟಿಕೆ ಚಿಟಿಕೆ ಉಪ್ಪು ಹಾಕಿದ ಹಾಗೆ ಬಿಟ್ಟು ಬಿಟ್ಟು ಒತ್ತಿ. ಒಂದೇ ಸಮ ಒತ್ತಿದರೆ ಗಾಳಿ ಹಿಗ್ಗಿ ತಣ್ಣಗಾಗಿ ಮಂಜುಗಟ್ಟಿ ವಾಲ್ವು ತೆರೆದಂತೆಯೇ ನಿಂತುಬಿಡಬಹುದು.

ತೇಲಲು ಸೂಟಿಗೆ ಗಾಳಿ ಹಾಕಬೇಕೋ ವಿಂಗಿಗೋ? ಇದರ ಮೇಲೆ ಡೈವರ್‌ಗಳ ಜಗಳ ಮುಗಿಯುವುದಿಲ್ಲ. ನೀರೊಳಗೆ ಸೂಟೊಂದನ್ನೇ ಬಳಸಿ, ಇನ್ನೊಂದು ಚೀಲದ ತಲೆಬಿಸಿ ಯಾಕೆ ಅಂತ ಕಲಿಸುವವರಿದ್ದಾರೆ. ಸೂಟಿಗೆ ಹಿಂಡುವುದು ತಪ್ಪುವಷ್ಟು ಮಾತ್ರ, ಉಳಿದದ್ದು ವಿಂಗಿಗೆ ಅನ್ನುವವರಿದ್ದಾರೆ. ನಾನು ಎರಡನೇ ಗುಂಪು. ಸೂಟಿನೊಳಗೆ ಗಾಳಿ ಜಾಸ್ತಿಯಾದಷ್ಟೂ ಅದು ತಲೆಯಿಂದ ಕಾಲಿಗೆ, ಕಾಲಿಂದ ತಲೆಗೆ ಓಡಾಡುತ್ತೆ. ಆದರೆ ಹೊಸಬರು ತಮ್ಮ ಶಿಕ್ಷಕರು ಕಲಿಸಿದ್ದನ್ನೇ ಮಾಡಲಿ. ಎರಡೂ ಅರ್ಧರ್ಧ ಕಲಿತವರು ತೊಂದರೆಗೆ ಬೀಳುತ್ತಾರೆ. ಸೀಸ ಸರಿ ಇದ್ದರೆ ಜಗಳಕ್ಕೆ ಉಳಿಯುವುದೇ ಎರಡು ಮೂರು ಲೀಟರ್ ಗಾಳಿ.

ಹೆಜ್ಜೆ 6: ಸೀಸ ಹಂಚಿ

ಎಲ್ಲ ಸೀಸವನ್ನೂ ಒಂದೇ ಬೆಲ್ಟಿಗೆ ಪೋಣಿಸಬೇಡಿ. ಸೊಂಟ ನೋಯುತ್ತೆ, ಕಾಲು ಕೆಳಗೆ ಬೀಳುತ್ತೆ. ಅದಕ್ಕಿಂತ ದೊಡ್ಡ ಅಪಾಯ ಬೆಲ್ಟು ಬಿಚ್ಚಿಕೊಂಡರೆ. ಆಳದಲ್ಲಿ 10 ಕಿಲೋ ಒಮ್ಮೆಗೇ ಕಳಚಿದರೆ ಯಾರಿಂದಲೂ ತಡೆಯಲಾಗುವುದಿಲ್ಲ. ನಾನು ಹಂಚಿರುವುದು ಹೀಗೆ: ಪ್ಲೇಟೇ ಸುಮಾರು 3, ಪ್ಲೇಟಿಗೆ ಕಟ್ಟಿದ್ದು 4, ಬೇಕಾದಾಗ ಎಸೆಯಬಹುದಾದದ್ದು ಬೆಲ್ಟಿನಲ್ಲಿ 4. ನೀರಿನ ಮೇಲೆ ತೊಂದರೆಯಾದರೆ ಆ ನಾಲ್ಕು ಎಸೆದರೆ ತೇಲಲು ಸಾಕು.

ಕಾಲು ಮೇಲೇಳುತ್ತೆ ಅಂತ ಎಲ್ಲರೂ ಕಾಲಿಗೆ ಸೀಸದ ಗೆಜ್ಜೆ ಕಟ್ಟಲು ಹೇಳುತ್ತಾರೆ. ಅರ್ಧ ಅರ್ಧ ಕಿಲೋದ್ದು ಸಿಗುತ್ತೆ. ಕಟ್ಟುವ ಮೊದಲು ಬೂಟು ದೊಡ್ಡದಿದೆಯಾ, ಮೊಣಕಾಲ ಕೆಳಗೆ ಸೂಟು ಜೋಲುತ್ತಿದೆಯಾ ನೋಡಿ. ಸ್ವಲ್ಪ ಭಾರದ ರಬ್ಬರ್ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಹಾಕಿದರೆ ಎಷ್ಟೋ ಸಲ ಗೆಜ್ಜೆ ಬೇಕಾಗುವುದಿಲ್ಲ. ನೇತ್ರಾಣಿಯಲ್ಲಿ ಹಾಕಿದ ಫಿನ್ನು ಡ್ರೈಸೂಟಿನ ಬೂಟಿಗೆ ಹಿಡಿಸುವುದಿಲ್ಲ, ಒಂದು ಅಳತೆ ದೊಡ್ಡದು ಬೇಕು.

ಕೊಳ್ಳುವಾಗ

ಕೋರ್ಸಿಗೆ ಬಾಡಿಗೆ ಸಾಮಾನೇ ಸಾಕು. ಹತ್ತು ಹದಿನೈದು ಡೈವ್ ಆಗಿ, ನೋಟ್‌ಬುಕ್ಕಿನಲ್ಲಿ ಅಂಕಿ ನಿಂತ ಮೇಲೆ ಕೊಳ್ಳಿ. ಹಳೇ ವಿಂಗು ಕೊಳ್ಳಲು ಹಿಂಜರಿಯಬೇಡಿ, ಆದರೆ ಬಾಯಿಂದ ಪೂರ್ತಿ ಊದಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ವಾಪಸ್ ಕೊಡಿ. ಒಳಗೆ ಸ್ವಲ್ಪ ನೀರು ಬಿಟ್ಟು ಅಲ್ಲಾಡಿಸಿ ಸುರಿಯಿರಿ. ಉಪ್ಪಿನ ಹರಳು ಬಂದರೆ ಹಿಂದಿನವರು ತೊಳೆದಿಲ್ಲ ಅಂತ ಅರ್ಥ. ಗುಂಡಿ ಒತ್ತಿ ಬಿಟ್ಟಾಗ ತಟ್ಟನೆ ಮೇಲೇಳಬೇಕು, ಜಿಗುಟು ಇರಬಾರದು. ಪ್ಲೇಟಿನ ತೂತುಗಳ ಅಂಚು ಚೂಪಾಗಿದ್ದರೆ ಪಟ್ಟಿ ಕೊಯ್ಯುತ್ತೆ, ಬೆರಳಾಡಿಸಿ ನೋಡಿ.

ಇಲ್ಲಿಂದ ಏನನ್ನೂ ಹೊತ್ತು ಹೋಗುವ ಅಗತ್ಯವಿಲ್ಲ, ನನ್ನ ಹಳೇ ಸ್ಟೀಲ್ ಪ್ಲೇಟು ಒಂದನ್ನು ಬಿಟ್ಟು. ತೋರಿಸಲು ಅಂತ ತಂದಿದ್ದೆ, ಮನುಗೇ ಕೊಟ್ಟೆ. ಹೊರಡುವ ಹಿಂದಿನ ರಾತ್ರಿ ಅದೇ ಕೊಕ್ಕೆಯ ತಕ್ಕಡಿಗೆ ಅವನ ಪೆಟ್ಟಿಗೆ ನೇತುಹಾಕಿದೆವು. ಮಿತಿ 23 ಕಿಲೋ. ತೋರಿಸಿದ್ದು ಇಪ್ಪತ್ತೈದೂವರೆ. ಅಕ್ಕ ಉಪ್ಪಿನಕಾಯಿ ಡಬ್ಬಿಯನ್ನಾಗಲಿ ರಾಗಿಹಿಟ್ಟನ್ನಾಗಲಿ ತೆಗೆಯಲು ಒಪ್ಪಲಿಲ್ಲ. ಪ್ಲೇಟು ಈಗ ನನ್ನ ಪೆಟ್ಟಿಗೆಯಲ್ಲಿದೆ.